ಮುಚ್ಚಿದ ಪೆಟ್ಟಿಗೆಯ ಪುಟ್ಟ ಕಾರು

ಯಾವ ಮಗುವೂ ಮುಟ್ಟಿಲ್ಲವೆಂಬ ಒಂದೇ ಕಾರಣಕ್ಕೆ ಆಟಿಕೆಯೊಂದರ ಬೆಲೆ ಏರುವುದಾದರೆ, ಅದನ್ನು ಇನ್ನೂ ಆಟಿಕೆಯೆಂದು ಕರೆಯಬಹುದೇ? ಮನೆಗಳ ಆಶೀರ್ವಾದಕ್ಕೆಂದು ಕೊಡಗಿನ ಊರುಗಳಲ್ಲಿ ಸಂಚರಿಸುವಾಗ ಈ ಪ್ರಶ್ನೆ ನನ್ನನ್ನು ಹಲವು ಬಾರಿ ಕಾಡಿದೆ. ಹಜಾರದ ಗಾಜಿನ ಕಪಾಟಿನಲ್ಲಿ ಹಾಕಿ ಪಂದ್ಯದ ಬಹುಮಾನಗಳು, ಸೇನೆಯ ಪದಕಗಳು, ಮದುವೆಯ ಭಾವಚಿತ್ರಗಳು; ಅವುಗಳ ನಡುವೆ ಹಳೆಯ ಕಾರುಗಳ ಪುಟ್ಟ ಲೋಹದ ಮಾದರಿಗಳು. ಕೆಲವು ಮನೆಗಳಲ್ಲಿ ಅವು ಹೊರಗೆ ನಿಂತಿರುತ್ತವೆ. ಕೆಲವು ಮನೆಗಳಲ್ಲಿ ಕೊಂಡ ದಿನದ ಪೆಟ್ಟಿಗೆಯೊಳಗೇ, ಅಂಟಿಸಿದ ಮುಚ್ಚಳವನ್ನೂ ತೆರೆಯದೆ, ಉಳಿದಿರುತ್ತವೆ.

ಈ ಹವ್ಯಾಸವನ್ನು ಹಗುರವಾಗಿ ಕಾಣುವವನು ನಾನಲ್ಲ. ಕರಗಿಸಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬಿ ಈ ಮಾದರಿಗಳನ್ನು ಎರಕ ಹೊಯ್ಯುತ್ತಾರೆ. ಆದುದರಿಂದಲೇ ಅವಕ್ಕೆ ‘ಡೈಕಾಸ್ಟ್’ ಎಂಬ ಹೆಸರು. ನಾಲ್ಕೂಕಾಲು ಮೀಟರಿಗಿಂತ ತುಸು ಉದ್ದವಿದ್ದ ನಮ್ಮ ಅಂಬಾಸಿಡರ್ ಕಾರು 1:18ರ ಅಳತೆಯಲ್ಲಿ ಸುಮಾರು 24 ಸೆಂಟಿಮೀಟರ್ ಆಗುತ್ತದೆ, 1:43ರಲ್ಲಿ 10 ಸೆಂಟಿಮೀಟರ್, 1:64ರಲ್ಲಿ ಕಿರುಬೆರಳಿನಷ್ಟು. ದೊಡ್ಡ ಅಳತೆಯ ಉತ್ತಮ ಮಾದರಿಗಳಲ್ಲಿ ಬಾಗಿಲು ತೆರೆಯುತ್ತದೆ, ಬಾನೆಟ್ಟಿನಡಿ ಎಂಜಿನ್ ಕಾಣುತ್ತದೆ, ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳೂ ತಿರುಗುತ್ತವೆ. ಮುಂಭಾಗದ ಜಾಲರಿಯನ್ನು ನೋಡಿಯೇ ಕಾರು ಯಾವ ಕಾಲದ್ದೆಂದು ಹೇಳಬಲ್ಲವರಿದ್ದಾರೆ. ಇನ್ನೊಬ್ಬರ ಕೈಕೆಲಸವನ್ನು ಇಷ್ಟು ಗಮನವಿಟ್ಟು ನೋಡುವುದು ಒಂದು ಬಗೆಯ ಗೌರವವೇ ಸರಿ. ಅವಸರದ ಈ ಕಾಲದಲ್ಲಿ ಅದು ಅಪರೂಪದ ಗುಣವೂ ಹೌದು.

ಆದರೆ ಇವುಗಳ ಹುಟ್ಟಿನ ಕಥೆಯನ್ನು ಸ್ವಲ್ಪ ಕೇಳಿ. ಲಂಡನ್ನಿನ ಲೆಸ್ನಿ ಎಂಬ ಕಂಪನಿಯಲ್ಲಿ ಜ್ಯಾಕ್ ಓಡೆಲ್ ಎಂಬ ಎಂಜಿನಿಯರ್ ಇದ್ದರು. ಬೆಂಕಿಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಚಿಕ್ಕ ಆಟಿಕೆಯನ್ನು ಮಾತ್ರ ತರಬಹುದೆಂಬುದು ಅವರ ಮಗಳ ಶಾಲೆಯ ನಿಯಮ. ತಂದೆ ಹಿತ್ತಾಳೆಯಲ್ಲಿ ಒಂದು ಪುಟ್ಟ ರೋಡ್ ರೋಲರ್ ಮಾಡಿ, ಬೆಂಕಿಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಶಾಲೆಯ ಇತರ ಮಕ್ಕಳೂ ಅಂಥದ್ದೇ ಬೇಕೆಂದರು. 1953ರಲ್ಲಿ ಆರಂಭವಾದ ‘ಮ್ಯಾಚ್‌ಬಾಕ್ಸ್’ ಆಟಿಕೆಗಳ ಮೂಲ ಇದು. ಪೆಟ್ಟಿಗೆ ಇದ್ದುದು ಮಗುವಿನ ಕೈಗೆ ತಲುಪಿಸುವುದಕ್ಕಾಗಿ. ಇಂದು ಆ ಕಾಲದ ಕಾರೊಂದು ಪೆಟ್ಟಿಗೆಸಮೇತ, ಬಣ್ಣ ಮಾಸದೆ ದೊರೆತರೆ ಅದಕ್ಕೊಂದು ಬೆಲೆ. ಪೆಟ್ಟಿಗೆಯಿಲ್ಲದೆ, ಆಡಿ ಸವೆದದ್ದಾದರೆ ಅದರ ಸಣ್ಣದೊಂದು ಅಂಶ. ಮಗುವಿನ ಸಂತೋಷ ಬಿಟ್ಟುಹೋದ ಗುರುತುಗಳೆಲ್ಲ ಮಾರುಕಟ್ಟೆಯ ಲೆಕ್ಕದಲ್ಲಿ ಕುಂದುಗಳಾದವು!

ವಸ್ತುಗಳೊಡನೆ ಮನುಷ್ಯನ ಸಂಬಂಧವನ್ನು ಕುರಿತು ಚಿಂತಿಸಿದ ಸಂತ ಅಗಸ್ಟಿನರು, ಬಳಸುವುದು ಬೇರೆ, ಆನಂದಿಸುವುದು ಬೇರೆ ಎಂದು ವಿಂಗಡಿಸಿದರು. ಬಳಸಬೇಕಾದುದರಲ್ಲೇ ಆನಂದದ ಪರಮಾವಧಿಯನ್ನು ಹುಡುಕಿದರೆ ದಾರಿ ತಪ್ಪುತ್ತೇವೆಂಬುದು ಅವರ ಎಚ್ಚರಿಕೆ. ಗುರುಮಠದಲ್ಲಿ ಇದನ್ನು ಕಲಿತಾಗ ಎರಡೇ ದಾರಿಗಳು ಕಂಡಿದ್ದವು. ಮುಚ್ಚಿದ ಪೆಟ್ಟಿಗೆ ಮೂರನೆಯದೊಂದನ್ನು ತೋರಿಸುತ್ತದೆ: ಅಲ್ಲಿ ಬಳಕೆಯೂ ಇಲ್ಲ, ಆನಂದವೂ ಇಲ್ಲ, ಕೇವಲ ಇಟ್ಟುಕೊಂಡಿರುವುದು. ಹಾಗಾದರೆ ವಸ್ತುಸಂಗ್ರಹಾಲಯಗಳೂ ತಪ್ಪೇ ಎಂದು ನೀವು ಕೇಳಬಹುದು. ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲಿರುವ ‘ಪಯಣ’ ಸಂಗ್ರಹಾಲಯದಲ್ಲಿ ನಿಜವಾದ ಹಳೆಯ ಕಾರುಗಳನ್ನೇ ಕಾಪಾಡಿ ಇಟ್ಟಿದ್ದಾರೆ, ಮುಟ್ಟಗೊಡುವುದಿಲ್ಲ. ಆದರೆ ಅಲ್ಲಿನ ಬಾಗಿಲು ಬಂದವರಿಗೆ ತೆರೆಯುತ್ತದೆ, ಅಜ್ಜ ಮೊಮ್ಮಗನಿಗೆ ಬೆರಳು ತೋರಿಸಿ ಹೇಳಲು ಅವಕಾಶವಿದೆ. ಅದು ಇನ್ನೊಬ್ಬರಿಗಾಗಿ ಇಟ್ಟದ್ದು.

ಸಂಗ್ರಾಹಕರು ಹೆದರುವ ಒಂದು ಪಿಡುಗಿದೆ. ‘ಝಿಂಕ್ ಪೆಸ್ಟ್’ ಎನ್ನುತ್ತಾರೆ. ಎರಕ ಹೊಯ್ಯುವಾಗ ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದ್ದರೂ ಸಾಕು, ವರ್ಷಗಳು ಕಳೆದಂತೆ ಲೋಹ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಬ್ರಿಟಿಷ್ ‘ಡಿಂಕಿ’ ಕಾರುಗಳಲ್ಲಿ ಅನೇಕವು ಹೀಗೆ ನಾಶವಾಗಿವೆ. ತೇವವಿದ್ದಲ್ಲಿ ಇದರ ವೇಗ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸಲು ಹಿಡಿಯುವ ನಮ್ಮ ನಾಡಿನ ಮಾತು ಹೇಳಬೇಕಾಗಿಲ್ಲ. ಇದಕ್ಕೆ ಮದ್ದಿಲ್ಲ. ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳುವ ನುಸಿ, ತುಕ್ಕು, ಕಳ್ಳ, ಈ ಮೂವರೂ ಹೊರಗಿನಿಂದ ಬರುವವರು. ಅವರನ್ನು ಗಾಜಿನ ಬಾಗಿಲು ತಕ್ಕಮಟ್ಟಿಗೆ ತಡೆದೀತು. ಈ ನಾಲ್ಕನೆಯವನು ಮೊದಲೇ ಒಳಗಿದ್ದಾನೆ.

ಹೀಗೆಂದು ವಸ್ತುಗಳೆಲ್ಲ ತೃಣವೆಂದು ಪ್ರವಚನ ಮಾಡುವ ಧೈರ್ಯ ನನಗಿಲ್ಲ. 2018ರ ಆಗಸ್ಟ್ ತಿಂಗಳಿನಲ್ಲಿ ಮಳೆ, ಭೂಕುಸಿತಗಳಿಂದ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಯ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಹೊರಟುಬಂದುದನ್ನು ನಾವೆಲ್ಲ ಬಲ್ಲೆವು. ಮನೆ ಕಳೆದುಕೊಂಡವರ ಬಳಿ ಕುಳಿತವರಿಗೆ ಗೊತ್ತು: ಟಿವಿ, ಫ್ರಿಜ್ಜುಗಳ ಮಾತು ಒಮ್ಮೆ ಬಂದು ಹೋಗುತ್ತದೆ; ಅಪ್ಪನ ಫೋಟೋ, ಅಜ್ಜಿಯ ಕಾಲದ ಒಂದು ಪಾತ್ರೆ, ಇವುಗಳ ಮಾತು ಮತ್ತೆ ಮತ್ತೆ ಬರುತ್ತದೆ. ಕೈಯಿಂದ ಕೈಗೆ ದಾಟಿಬಂದ ವಸ್ತುವಿನಲ್ಲಿ ಮನುಷ್ಯರು ಸೇರಿಕೊಂಡಿರುತ್ತಾರೆ. ಮಕ್ಕಳಿಗಾಗಿಯೇ ಕೂಡಿಡುತ್ತಿದ್ದೇನೆ ಎನ್ನುವ ತಂದೆಯಂದಿರು, ಆ ಮಕ್ಕಳು ಎಂದಾದರೂ ಮುಟ್ಟಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಚಾಲಕರಾಗಿ ದುಡಿದು ನಿವೃತ್ತರಾದ ಹಿರಿಯರೊಬ್ಬರ ಬಳಿ ಇರುವುದು ಮೂರೇ ಮಾದರಿಗಳು: ಒಂದು ವಿಲ್ಲೀಸ್ ಜೀಪು, ಒಂದು ಅಂಬಾಸಿಡರ್, ಒಂದು ಫಿಯೆಟ್. ಮೂರನ್ನೂ ಅವರು ಓಡಿಸಿದ್ದರು, ಒಂದೂ ಅವರದಾಗಿರಲಿಲ್ಲ. “ಫಾದರ್, ಓಡಿಸಿದ್ದು ನಾನು, ಕಾರು ಧಣಿಗಳದ್ದು. ಇದಾದ್ರೂ ನಂದಿರ್ಲಿ ಅಂತ ತಂದೆ” ಎಂದು ನಕ್ಕರು. ಪೆಟ್ಟಿಗೆಗಳನ್ನು ಎಂದೋ ಒಲೆಗೆ ಹಾಕಿದ್ದರಂತೆ. ಜೀಪಿನ ಒಂದು ಚಕ್ರ ಕಳೆದುಹೋದಾಗ ಅವರ ಸೊಸೆ ಅಂಗಿಯ ಗುಂಡಿಯೊಂದನ್ನು ಆ ಜಾಗದಲ್ಲಿ ಕೂರಿಸಿದ್ದಾರೆ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಮೊಮ್ಮಗ ಅದನ್ನು ಇಳಿಜಾರಿಗೆ ಬಿಡುವಾಗ ಅಜ್ಜ ಕುಳಿತಲ್ಲಿಂದಲೇ, ಮಳೆಗಾಲದಲ್ಲಿ ಮಾಕುಟ್ಟ ಘಾಟಿಯನ್ನು ಯಾವ ಗೇರಿನಲ್ಲಿ ಇಳಿಯಬೇಕೆಂದು ಹೇಳಿಕೊಡುತ್ತಾರೆ. ಹುಡುಗ ಬಾಯಲ್ಲೇ ಗೇರು ಬದಲಿಸುತ್ತಾನೆ.