ಚಕ್ರ ತಿರುಗಿಸುವವರು ಯಾರು?

ವಾರಪತ್ರಿಕೆಯೊಂದು ಓದುಗರಿಗೆ ಕೊಡುವ ಮೊದಲ ಮಾತು ಅದರ ಸಂಪಾದಕೀಯದಲ್ಲಿ ಇರುವುದಿಲ್ಲ. ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ದಿನಾಂಕದಲ್ಲಿ ಇರುತ್ತದೆ. ಇಂಥ ದಿನ ನಿಮ್ಮ ಕೈಸೇರುತ್ತೇವೆ ಎಂಬುದೇ ಆ ಮಾತು. ಓದುಗ ಅದನ್ನು ನಂಬಿ ಚಂದಾ ಕಟ್ಟುತ್ತಾನೆ. ತನ್ನ ಪರವಾಗಿ ಮಾತಾಡಬೇಕಾದವರು ಮಾತಾಡಬೇಕಾದ ಹೊತ್ತಿಗೆ ಮಾತಾಡುತ್ತಾರೆ ಎಂಬ ಭರವಸೆಯನ್ನೂ ಅದರ ಜೊತೆಗೆ ಒಪ್ಪಿಸಿರುತ್ತಾನೆ. ಇಂಥ ಒಪ್ಪಿಸುವಿಕೆಗೆ ನಾವು ‘ಅಮಾನತ್’ ಎನ್ನುತ್ತೇವೆ. ಕೊಟ್ಟ ಮಾತಿನ ಬಗ್ಗೆ ನಾಳೆ ವಿಚಾರಣೆ ಇದೆ ಎಂದು ಪವಿತ್ರ ಕುರ್‌ಆನ್ ಎಚ್ಚರಿಸುವಾಗ ಅದು ಕೊಡುಕೊಳ್ಳುವ ಹಣದ ಕರಾರುಗಳನ್ನು ಮಾತ್ರ ಉದ್ದೇಶಿಸಿಲ್ಲ.

ಆದರೆ ಮಾತು ಉಳಿಸಿಕೊಳ್ಳುವ ಹೊತ್ತಿಗೆ ಯಂತ್ರ ಕೈಕೊಟ್ಟರೆ? ಆಗ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಮಾತು ಕೊಟ್ಟವರು ಕೆಲವರು; ಅದನ್ನು ಉಳಿಸಲು ಬೆವರು ಸುರಿಸಬೇಕಾದವರು ಬೇರೆ ಕೆಲವರು. ನ್ಯಾಯಕ್ಕಾಗಿ ನಡೆಸುವ ಪತ್ರಿಕೆಯನ್ನು ಸಮಯಕ್ಕೆ ಸರಿಯಾಗಿ ಹೊರತರಲು ದಣಿದು ಮಲಗಿದವರ ನಿದ್ದೆ ಕೆಡಿಸುವ ಹಕ್ಕು ನಮಗಿದೆಯೇ? ಇದು ಪತ್ರಿಕೆಯವರ ಪ್ರಶ್ನೆ ಮಾತ್ರವಲ್ಲ. ಸಂಘ ಕಟ್ಟುವವರು, ಶಾಲೆ ನಡೆಸುವವರು, ನೆರೆ ಬಂದಾಗ ಗಂಜಿ ಕೇಂದ್ರ ತೆರೆಯುವವರು ಎಲ್ಲರೂ ಒಂದಲ್ಲ ಒಂದು ದಿನ ಇದಕ್ಕೆ ಉತ್ತರಿಸಬೇಕಾಗುತ್ತದೆ. ಈ ಪ್ರಶ್ನೆಯನ್ನು ಬಿಡಿಸಿ ನೋಡಲು ದಕ್ಷಿಣ ಆಫ್ರಿಕದಲ್ಲಿ ನೂರು ವರ್ಷಗಳಿಗೂ ಹಿಂದೆ ಕಳೆದ ಒಂದು ರಾತ್ರಿ ನಮಗೆ ನೆರವಾಗುತ್ತದೆ.

‘ಇಂಡಿಯನ್ ಒಪಿನಿಯನ್’ 1903ರ ಜೂನ್‌ನಲ್ಲಿ ಡರ್ಬನ್‌ನಲ್ಲಿ ಆರಂಭವಾದ ರಾಜಕೀಯ ವಾರಪತ್ರಿಕೆ. ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳು ಎಂಬ ನಾಲ್ಕು ಭಾಷೆಗಳಲ್ಲಿ ಅದು ಮಾತಾಡುತ್ತಿತ್ತು. ಅದು ಒಬ್ಬರ ಪತ್ರಿಕೆಯಾಗಿರಲಿಲ್ಲ. ಮುದ್ರಣಾಲಯ ಮದನ್‌ಜಿತ್ ವ್ಯಾವಹಾರಿಕ್ ಅವರದು. ಮೊದಲ ಸಂಪಾದಕ ಮನ್‌ಸುಖ್‌ಲಾಲ್ ನಾಜರ್ ಸಂಬಳವಿಲ್ಲದೆ ದುಡಿದರು. ಗಾಂಧೀಜಿ ಜೊಹಾನ್ಸ್‌ಬರ್ಗ್‌ನಲ್ಲಿ ವಕೀಲಿ ನಡೆಸುತ್ತ ಲೇಖನಗಳನ್ನೂ ತಮ್ಮ ಗಳಿಕೆಯನ್ನೂ ಕಳಿಸುತ್ತಿದ್ದರು. ಆಲ್ಬರ್ಟ್ ವೆಸ್ಟ್ ಎಂಬ ಇಂಗ್ಲಿಷ್ ಮುದ್ರಕ ಅಚ್ಚಿನ ಹೊಣೆ ಹೊತ್ತಿದ್ದರು. ಓದುಗರಲ್ಲಿ ಗುಜರಾತಿನ ಮುಸ್ಲಿಂ ವ್ಯಾಪಾರಿಗಳಿದ್ದರು, ಪಾರ್ಸಿಗಳಿದ್ದರು, ಹಿಂದೂಗಳಿದ್ದರು. ಕರಾರು ಕೂಲಿಗಳಾಗಿ ಹಡಗು ಹತ್ತಿದ್ದ ಬಡವರ ದನಿ ಆಗಬೇಕೆಂಬ ಹಂಬಲವೂ ಪತ್ರಿಕೆಗಿತ್ತು. ಕರಾರು ಮುಗಿದ ಮೇಲೂ ಅಲ್ಲೇ ಉಳಿದ ಕೂಲಿ ವರ್ಷಕ್ಕೆ 3 ಪೌಂಡ್ ತಲೆಗಂದಾಯ ಕಟ್ಟಬೇಕಿದ್ದ ಕಾಲವದು.

ಪತ್ರಿಕೆ ನಷ್ಟದಲ್ಲಿತ್ತು. 1904ರಲ್ಲಿ ರಸ್ಕಿನ್ ಬರೆದ ಒಂದು ಪುಸ್ತಕವನ್ನು ರೈಲಿನಲ್ಲಿ ಓದಿ ಮುಗಿಸಿದ ಗಾಂಧೀಜಿ ಮುದ್ರಣಾಲಯವನ್ನೇ ಹಳ್ಳಿಗೆ ಒಯ್ಯಲು ನಿರ್ಧರಿಸಿದರು. ಡರ್ಬನ್‌ನಿಂದ 14 ಮೈಲಿ ದೂರದ ಫೀನಿಕ್ಸ್‌ನಲ್ಲಿ ಸುಮಾರು 100 ಎಕರೆ ಜಮೀನು ಕೊಂಡರು. ಹುಲ್ಲು ಬೆಳೆದು ಹಾವುಗಳಿಂದ ತುಂಬಿದ್ದ ನೆಲ. ಪಾರ್ಸಿ ರುಸ್ತುಂಜಿಯವರು ತಗಡು ಮತ್ತಿತರ ಸಾಮಗ್ರಿ ಕೊಟ್ಟರು. ಬಡಗಿಗಳು, ಗಾರೆಯವರು ಒಂದು ತಿಂಗಳೊಳಗೆ 75 ಅಡಿ ಉದ್ದ, 50 ಅಡಿ ಅಗಲದ ಕೊಟ್ಟಿಗೆ ಎಬ್ಬಿಸಿದರು. ಮೊಳೆ ಜೋಡಿಸುವವರಿಂದ ಹಿಡಿದು ಎಲ್ಲರಿಗೂ, ಬಣ್ಣ-ದೇಶಗಳ ಭೇದವಿಲ್ಲದೆ, ತಿಂಗಳಿಗೆ ಒಂದೇ ಸಮನಾಗಿ 3 ಪೌಂಡ್ ಜೀವನವೇತನ ಎಂಬುದು ಅಲ್ಲಿಯ ಯೋಜನೆ. ಈ ಸ್ಥಳಾಂತರದ ಗಡಿಬಿಡಿಯಲ್ಲಿ ಒಂದೇ ಒಂದು ಸಂಚಿಕೆಯನ್ನು ಮಾತ್ರ ಹೊರಗಿನ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಬೇಕಾಯಿತು.

ಫೀನಿಕ್ಸ್‌ನಿಂದ ಮೊದಲ ಸಂಚಿಕೆ 1904ರ ಡಿಸೆಂಬರ್ 24ರ ದಿನಾಂಕ ಹೊತ್ತು ಹೊರಬಂತು. ಆ ರಾತ್ರಿಯ ವಿವರವನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಪುಟಗಳನ್ನು ಬಿಗಿದು ಯಂತ್ರಕ್ಕೇರಿಸಿದ್ದಾಯಿತು. ಆದರೆ ಎಣ್ಣೆ ಎಂಜಿನ್ ಅಲುಗಲಿಲ್ಲ. ಡರ್ಬನ್‌ನಿಂದ ಎಂಜಿನಿಯರ್ ಒಬ್ಬರನ್ನು ಅದಕ್ಕಾಗಿಯೇ ಕರೆಸಲಾಗಿತ್ತು. ಅವರೂ ವೆಸ್ಟ್ ಅವರೂ ಎಷ್ಟು ಹೆಣಗಿದರೂ ಫಲ ಸಿಗಲಿಲ್ಲ. ವೆಸ್ಟ್ ಕಣ್ಣಲ್ಲಿ ನೀರು ತುಂಬಿಕೊಂಡು ಬಂದು, ಈ ವಾರ ಪತ್ರಿಕೆ ಸಮಯಕ್ಕೆ ಹೊರಡದು ಎಂದರು.

ಇಲ್ಲಿ ನಾವು ಗಮನಿಸಬೇಕಾದ ಮೊದಲ ಸಂಗತಿ ಆ ರಾತ್ರಿಗಿಂತ ಹಿಂದಿನದು. ಎಂಜಿನ್ ನಿಲ್ಲಬಹುದು ಎಂದು ಮೊದಲೇ ಊಹಿಸಿ ಕೈಯಿಂದ ತಿರುಗಿಸುವ ಚಕ್ರವೊಂದನ್ನು ಸಿದ್ಧ ಮಾಡಿಡಲಾಗಿತ್ತು. ದಿನಪತ್ರಿಕೆಯಷ್ಟು ದೊಡ್ಡದಿದ್ದ ಪುಟದ ಅಳತೆಯನ್ನೂ ಫುಲ್‌ಸ್ಕೇಪಿಗೆ ಇಳಿಸಲಾಗಿತ್ತು. ತೀರಾ ಅನಿವಾರ್ಯವಾದರೆ ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರದಲ್ಲಾದರೂ ಅಚ್ಚು ಹಾಕಬಹುದು ಎಂಬುದು ಲೆಕ್ಕಾಚಾರ. ಮೊದಲು ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿ ಮುಹಮ್ಮದ್(ಸ)ರ ಬೋಧನೆಯನ್ನು ನಾವೆಲ್ಲ ಬಲ್ಲೆವು. ‘ತವಕ್ಕುಲ್’ ಎಂದರೆ ಕೈಕಟ್ಟಿ ಕೂರುವುದಲ್ಲ. ಮುನ್ನೆಚ್ಚರಿಕೆ ವಹಿಸದೆ ಕೊಟ್ಟ ಮಾತು ಅರ್ಧ ಮಾತ್ರ ಪ್ರಾಮಾಣಿಕ. ಹಾಗೆ ಕೊಟ್ಟವನು ಕಡೆಗೆ ಇನ್ನೊಬ್ಬರ ಬೆನ್ನ ಮೇಲೆ ತನ್ನ ಅಜಾಗರೂಕತೆಯನ್ನು ಹೇರುತ್ತಾನೆ.

ಚಕ್ರವೇನೋ ಇತ್ತು. ಅದನ್ನು ತಿರುಗಿಸಲು ಸರದಿಯ ಮೇಲೆ ನಾಲ್ಕು ನಾಲ್ಕು ಜನ ಬೇಕಿತ್ತು. ಪತ್ರಿಕೆಯವರೆಲ್ಲ ದಣಿದಿದ್ದರು. ಕಟ್ಟಡದ ಕೆಲಸ ಇನ್ನೂ ಮುಗಿಯದ ಕಾರಣ ಬಡಗಿಗಳು ಅಲ್ಲೇ ಉಳಿದುಕೊಂಡು, ಆ ಕೊಟ್ಟಿಗೆಯ ನೆಲದ ಮೇಲೆಯೇ ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸಬಾರದೇಕೆ ಎಂದು ಗಾಂಧೀಜಿ ಕೇಳಿದಾಗ ವೆಸ್ಟ್ ಹಿಂಜರಿದರು. ಅವರನ್ನು ಎಬ್ಬಿಸುವ ಧೈರ್ಯ ತಮಗಿಲ್ಲ ಎಂದರು. ಈ ಹಿಂಜರಿಕೆಯನ್ನು ನಾವು ದೌರ್ಬಲ್ಯವೆಂದು ತಳ್ಳಿಹಾಕಬಾರದು. ಹಗಲಿಡೀ ಮರ ಕೊಯ್ದು, ತಗಡು ಹೊಡೆದು ಮಲಗಿದವನ ನಿದ್ದೆ ಅವನ ಸ್ವಂತ ಆಸ್ತಿ. ಅದರ ಮೇಲೆ ಪತ್ರಿಕೆಗೆ ಯಾವ ಅಧಿಕಾರವೂ ಇರಲಿಲ್ಲ. ಕೂಲಿಗಳ ಮೇಲಿನ ದಬ್ಬಾಳಿಕೆಯನ್ನು ಖಂಡಿಸುವ ಪುಟಗಳನ್ನು ಕೂಲಿಕಾರರ ಮೇಲೆ ದಬ್ಬಾಳಿಕೆ ಮಾಡಿ ಅಚ್ಚು ಹಾಕಿದ್ದರೆ ಆ ಪುಟಗಳಿಗೆ ಯಾವ ಬೆಲೆ ಉಳಿಯುತ್ತಿತ್ತು?

ಗಾಂಧೀಜಿಯೇ ಹೋಗಿ ಬಡಗಿಗಳನ್ನು ಎಬ್ಬಿಸಿ ಸಹಾಯ ಕೇಳಿದರು. ತುರ್ತಿನ ಸಮಯದಲ್ಲಿ ಒದಗದಿದ್ದರೆ ತಾವಿದ್ದೇನು ಪ್ರಯೋಜನ, ನೀವು ವಿಶ್ರಮಿಸಿಕೊಳ್ಳಿ, ನಮಗಿದು ಹಗುರದ ಕೆಲಸ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಆದರೆ ಗಾಂಧೀಜಿ ವಿಶ್ರಮಿಸಲು ಹೋಗಲಿಲ್ಲ, ಅವರ ಜೊತೆ ಚಕ್ರಕ್ಕೆ ಕೈಹಾಕಿದರು. ಉಳಿದವರೂ ಸರದಿಯಂತೆ ಬಂದರು. ವೆಸ್ಟ್ ಸಂತೋಷದಿಂದ ಕ್ರೈಸ್ತ ಪ್ರಾರ್ಥನಾಗೀತೆಯೊಂದನ್ನು ಹಾಡತೊಡಗಿದರು. ಬೆಳಗಿನ ಏಳು ಗಂಟೆಯವರೆಗೆ ಕೆಲಸ ನಡೆಯಿತು. ಇನ್ನೂ ಸಾಕಷ್ಟು ಬಾಕಿಯಿತ್ತು. ಎಂಜಿನಿಯರ್ ಎದ್ದು ಮತ್ತೊಮ್ಮೆ ಪ್ರಯತ್ನಿಸಿದಾಗ ಎಂಜಿನ್ ಏನೂ ಆಗಿರಲಿಲ್ಲವೆಂಬಂತೆ ಓಡತೊಡಗಿತು! ಪತ್ರಿಕೆ ಸಮಯಕ್ಕೆ ಸರಿಯಾಗಿ ರವಾನೆಯಾಯಿತು.

ನಮ್ಮ ಪ್ರಶ್ನೆಗೆ ಉತ್ತರ ಈ ಘಟನೆಯ ಒಳಗಿದೆ. ಅಲ್ಲಿ ಆಜ್ಞೆ ಇರಲಿಲ್ಲ, ಕೇಳಿಕೆ ಇತ್ತು. ಕೇಳಿದವನು ತಾನೂ ಹೆಗಲು ಕೊಟ್ಟ. ಇಲ್ಲ ಎನ್ನುವ ಸ್ವಾತಂತ್ರ್ಯ ಬಡಗಿಗಳಿಗಿತ್ತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸೇವೆ ಎಂಬುದು ಬಿಟ್ಟಿ ಚಾಕರಿಯಾಗುತ್ತದೆ. ಹಿಜರಿ 5ನೇ ವರ್ಷ ಮದೀನಾದ ಸುತ್ತ ಕಂದಕ ತೋಡುವಾಗ ಪ್ರವಾದಿ(ಸ)ಯವರು ಡೇರೆಯಲ್ಲಿ ಕುಳಿತು ಉಸ್ತುವಾರಿ ನಡೆಸಲಿಲ್ಲ. ಹಸಿದ ಹೊಟ್ಟೆಯಲ್ಲಿ ಅನುಯಾಯಿಗಳ ಜೊತೆ ಮಣ್ಣು ಹೊತ್ತರು. ನಾಯಕತ್ವದ ಹಕ್ಕು ಹುಟ್ಟುವುದು ಅಲ್ಲಿ. ಮಣ್ಣು ಹೊರದವನಿಗೆ ಮಣ್ಣು ಹೊರಿಸುವ ನೈತಿಕ ಅಧಿಕಾರವಿಲ್ಲ. ನಮ್ಮ ಸಂಘಟನೆಗಳಲ್ಲಿ ವೇದಿಕೆಯ ಮೇಲೆ ಒಂದೇ ಗುಂಪು, ಕುರ್ಚಿ ಎತ್ತಿಡುವುದಕ್ಕೆ ಇನ್ನೊಂದೇ ಗುಂಪು ಇರುವುದನ್ನು ನೋಡುವಾಗ ಈ ಮಾತು ನೆನಪಾಗಬೇಕು.

ಆದರೆ ಈ ಕಥೆಯನ್ನು ಕಷ್ಟದ ವೈಭವೀಕರಣಕ್ಕೆ ಬಳಸುವುದು ತಪ್ಪು. ಮುಂದೊಂದು ಹಂತದಲ್ಲಿ ಫೀನಿಕ್ಸ್‌ನವರು ಬೇಕೆಂದೇ ಎಂಜಿನ್ ಬಿಟ್ಟು ಕೈಬಲದಿಂದಲೇ ಪತ್ರಿಕೆ ಅಚ್ಚು ಹಾಕಿದರು. ಅವು ಫೀನಿಕ್ಸ್‌ನ ಅತ್ಯುನ್ನತ ನೈತಿಕ ದಿನಗಳೆಂದು ಗಾಂಧೀಜಿ ಭಾವಿಸಿದ್ದರು. ತಾವಾಗಿ ಆರಿಸಿಕೊಂಡವರಿಗೆ ಅದು ಸಾಧನೆ ಆಗಿರಬಹುದು. ಆದರೆ ಅಲ್ಲಾಹನು ನಿಮಗೆ ಸುಗಮತೆಯನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಎಂಬ ಅರ್ಥದ ಬೋಧನೆ ಉಪವಾಸದ ಆದೇಶದ ಜೊತೆಯಲ್ಲೇ ಬಂದಿದೆ. ಕಷ್ಟ ಬಂದಾಗ ಎದುರಿಸುವುದು ಗುಣ. ಅದನ್ನು ಹುಡುಕಿ ತಂದು ಇತರರ ಮೇಲೆ ಹೇರುವುದು ಗುಣವಲ್ಲ.

ಇನ್ನೊಂದು ಸತ್ಯವನ್ನೂ ಹೇಳಬೇಕು. ಎಂಜಿನ್ ನಿಂತಾಗ ರಾತ್ರಿಯಿಡೀ ಚಕ್ರ ತಿರುಗಿಸಿದ ಇದೇ ಪತ್ರಿಕೆ 1906ರಲ್ಲಿ ಹಿಂದಿ ಮತ್ತು ತಮಿಳು ವಿಭಾಗಗಳನ್ನು ಕೈಬಿಟ್ಟಿತು. ಆ ಭಾಷೆಗಳಲ್ಲಿ ಸಮರ್ಥವಾಗಿ ಬರೆಯುವವರು ದೊರೆಯದಿದ್ದುದು ಇದಕ್ಕೆ ಕಾರಣ. ಕಾರಣ ಸಾಚಾ ಇರಬಹುದು. ಆದರೂ ಕಬ್ಬಿನ ತೋಟಗಳಲ್ಲಿ ದುಡಿದ ಬಹುಪಾಲು ಜನರ ಮಾತು ಆ ಎರಡು ಭಾಷೆಗಳೇ ಆಗಿದ್ದವು. ಎಂಜಿನ್ ನಿಂತದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ, ಅದಕ್ಕಾಗಿ ಎಲ್ಲರೂ ಏಳುತ್ತಾರೆ. ಒಂದು ವರ್ಗದ ಓದುಗರು ಪತ್ರಿಕೆಯಿಂದ ಮೆಲ್ಲಗೆ ಹೊರಗುಳಿಯುವುದು ಕಾಣುವುದಿಲ್ಲ. ದಿನಾಂಕ ತಪ್ಪದೆ ಬಂದ ಸಂಚಿಕೆಯೂ ಯಾರಿಗೋ ಕೊಟ್ಟ ಮಾತನ್ನು ತಪ್ಪಿರಬಹುದು.

ಹಾಗೆಯೇ ಸಮಯಪಾಲನೆಗಿಂತ ಮೇಲಿನದೊಂದು ವಚನವಿದೆ. ಅದು ಸತ್ಯದ್ದು. ಸುದ್ದಿ ತಂದವನನ್ನು ನಂಬುವ ಮೊದಲು ಪರಿಶೀಲಿಸಬೇಕು, ಇಲ್ಲದಿದ್ದರೆ ಅರಿವಿಲ್ಲದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾಗುತ್ತದೆ ಎಂಬುದು ‘ಅಲ್ ಹುಜುರಾತ್’ ಅಧ್ಯಾಯದ ಪಾಠ. ಇಂದು ಚಕ್ರ ತಿರುಗಿಸಬೇಕಿಲ್ಲ, ಬೆರಳು ತಾಗಿಸಿದರೆ ಸಾಕು, ಸುದ್ದಿ ಲೋಕ ಸುತ್ತುತ್ತದೆ. ಇಂಥ ಕಾಲದಲ್ಲಿ ವಾರಕ್ಕೊಮ್ಮೆ ಬರುವುದರ ನಿಜವಾದ ಬೆಲೆ ನಡುವೆ ಸಿಗುವ ಆ ಆರು ದಿನಗಳು. ತಡವಾಗಿ ಬಂದ ಸಂಚಿಕೆಗೆ ಓದುಗ ಕ್ಷಮೆ ನೀಡಿಯಾನು. ಸುಳ್ಳು ಸುದ್ದಿಯಿಂದ ಮಾನ ಕಳೆದುಕೊಂಡವನಿಗೆ ಮುಂದಿನ ವಾರದ ತಿದ್ದುಪಡಿ ಅದನ್ನು ಮರಳಿಸಲಾರದು.

ಎಲ್ಲ ಅಡಚಣೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲೂಬಾರದು. ಮೌಲಾನಾ ಅಬುಲ್ ಕಲಾಂ ಆಝಾದರು 1912ರ ಜುಲೈ 13ರಂದು ಕಲ್ಕತ್ತದಲ್ಲಿ ‘ಅಲ್ ಹಿಲಾಲ್’ ಉರ್ದು ವಾರಪತ್ರಿಕೆ ಆರಂಭಿಸಿದರು. ಕೈಬರಹದ ಲಿಥೋ ಮುದ್ರಣವೇ ರೂಢಿಯಲ್ಲಿದ್ದ ಉರ್ದುವಿನಲ್ಲಿ ಅದನ್ನು ಅಚ್ಚುಮೊಳೆಗಳಲ್ಲಿ, ಚಿತ್ರಗಳ ಸಹಿತ ತಂದರು. ಯಂತ್ರದ ಕಷ್ಟಗಳನ್ನೆಲ್ಲ ದಾಟಿದ ಆ ಪತ್ರಿಕೆಯನ್ನು ಯಂತ್ರ ನಿಲ್ಲಿಸಲಿಲ್ಲ, ಸರಕಾರ ನಿಲ್ಲಿಸಿತು. ಪತ್ರಿಕಾ ಕಾಯ್ದೆಯಡಿ ಕೇಳಿದ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡು, 10,000 ರೂಪಾಯಿಯ ಹೊಸ ಠೇವಣಿ ಕೇಳಿತು. 1914ರಲ್ಲಿ ಪತ್ರಿಕೆ ನಿಂತಿತು. ಮರುವರ್ಷ ‘ಅಲ್ ಬಲಾಗ್’ ಹೊರಟಿತು. 1916ರಲ್ಲಿ ಆಝಾದರನ್ನೇ ಬಂಗಾಳದಿಂದ ಹೊರಹಾಕಲಾಯಿತು. ನಮ್ಮ ಕಾಲದಲ್ಲೂ ಇದರ ನೆರಳಿದೆ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ದೂರವಾಣಿ, ಇಂಟರ್ನೆಟ್ ಎರಡನ್ನೂ ಕಡಿದುಹಾಕಿದಾಗ ಶ್ರೀನಗರದ ಪತ್ರಕರ್ತರು ಸರಕಾರಿ ಕೇಂದ್ರವೊಂದರ ಕೆಲವೇ ಕಂಪ್ಯೂಟರ್‌ಗಳ ಮುಂದೆ ಸಾಲುಗಟ್ಟಿ ನಿಂತು ವರದಿ ಕಳಿಸಬೇಕಾಯಿತು. ಅದನ್ನು ತಾಂತ್ರಿಕ ತೊಂದರೆ ಎಂದು ಕರೆಯುವುದು ಭಾಷೆಗೆ ಮಾಡುವ ಅನ್ಯಾಯ.

ಎಂಜಿನ್ ನಿಂತಾಗ ಬೇಕಾದದ್ದು ‘ಸಬ್ರ್’. ಹಕ್ಕನ್ನು ಕಿತ್ತುಕೊಂಡಾಗಲೂ ಬೇಕಾದದ್ದು ಸಬ್ರೇ. ಆದರೆ ಅಲ್ಲಿ ಅದರ ಅರ್ಥ ಸುಮ್ಮನಿರುವುದಲ್ಲ, ಪ್ರಶ್ನಿಸುತ್ತಲೇ ತಾಳಿಕೊಳ್ಳುವುದು. ಕಾಶ್ಮೀರದ ಪತ್ರಿಕೆಯೊಂದರ ಸಂಪಾದಕಿ ಅನುರಾಧಾ ಭಾಸಿನ್ ಸುಪ್ರೀಂ ಕೋರ್ಟಿಗೆ ಹೋದದ್ದು, 2020ರ ಜನವರಿಯಲ್ಲಿ ಅನಿರ್ದಿಷ್ಟ ಕಾಲದ ಇಂಟರ್ನೆಟ್ ನಿರ್ಬಂಧ ಸಲ್ಲದೆಂದು ನ್ಯಾಯಾಲಯ ಹೇಳಿದ್ದು ಇಂಥ ಸಬ್ರ್‌ನ ಉದಾಹರಣೆ.

‘ಇಂಡಿಯನ್ ಒಪಿನಿಯನ್’ 1961ರವರೆಗೆ ಬದುಕಿತು. ಅಷ್ಟು ಕಾಲ ಅದನ್ನು ನಡೆಸಿದ್ದು ಎಂಜಿನ್ ಅಲ್ಲ, ಕೈಚಕ್ರವೂ ಅಲ್ಲ. ಸರದಿ ಬಂದಾಗ ಎದ್ದು ಬಂದ ಜನ. ಅವರಲ್ಲಿ ಗಾಂಧೀಜಿ, ವೆಸ್ಟ್ ಅವರ ಹೆಸರು ಇತಿಹಾಸದಲ್ಲಿ ಉಳಿದಿದೆ. ಆ ರಾತ್ರಿಯ ಬಡಗಿಗಳ ಹೆಸರು ಆತ್ಮಕಥೆಯ ಆ ಪುಟದಲ್ಲಿಲ್ಲ. ನಾವು ನಡೆಸುವ ಯಾವುದೇ ಸಾಮೂಹಿಕ ಕೆಲಸದ ಯೋಗ್ಯತೆಯನ್ನು ಅಳೆಯಬೇಕಾದರೆ ಅದು ಸಮಯಕ್ಕೆ ಮುಗಿಯಿತೇ ಎಂಬ ಒಂದೇ ಪ್ರಶ್ನೆ ಸಾಲದು. ಅದಕ್ಕಾಗಿ ಯಾರು ಎಚ್ಚರವಿದ್ದರು, ಅವರನ್ನು ಕೇಳಿ ಎಬ್ಬಿಸಿದೆವೋ ಗದರಿಸಿ ಎಬ್ಬಿಸಿದೆವೋ, ಆಗ ನಮ್ಮ ಕೈ ಎಲ್ಲಿತ್ತು ಎಂದೂ ಕೇಳಿಕೊಳ್ಳಬೇಕು. ಅಮಾನತ್‌ನ ಲೆಕ್ಕದಲ್ಲಿ ಓದುಗನಿಗೆ ಕೊಟ್ಟ ಮಾತಿನಷ್ಟೇ ಜೊತೆಗಾರನ ದಣಿವೂ ಸೇರಿದೆ.