ಹತ್ತು ಸಾವಿರ ಪೌಂಡಿಗೆ ನಾಲ್ಕು ಓಟು

ಕಂಪನಿ ಸರ್ಕಾರದ ಪಾಠ ಮಾಡುವಾಗೆಲ್ಲ ಮಕ್ಕಳಿಗೆ ಒಂದು ಲೆಕ್ಕ ಬರೆಸುತ್ತೇನೆ. ಈಸ್ಟ್ ಇಂಡಿಯಾ ಕಂಪನಿಯ ಪಾಲುದಾರರ ಸಭೆ ಲಂಡನ್ನಿನಲ್ಲಿ ಸೇರುತ್ತಿತ್ತು. ನಿರ್ದೇಶಕರನ್ನು ಆರಿಸುವುದು, ಲಾಭಾಂಶ ಗೊತ್ತುಮಾಡುವುದು ಎಲ್ಲ ಅಲ್ಲಿಯೇ. ಮೊದಲು ಐನೂರು ಪೌಂಡಿನ ಪಾಲಿಗೆ ಒಂದು ಓಟು. 1773ರ ಕಾಯಿದೆ ಬಂದ ಮೇಲೆ ಸಾವಿರಕ್ಕೆ ಒಂದು, ಮೂರು ಸಾವಿರಕ್ಕೆ ಎರಡು, ಆರು ಸಾವಿರಕ್ಕೆ ಮೂರು, ಹತ್ತು ಸಾವಿರಕ್ಕೆ ನಾಲ್ಕು. ಕಂದಾಯ ಕಟ್ಟುವ ಬಂಗಾಳದ ರೈತನಿಗೆ? ಸೊನ್ನೆ.

ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ದುಡ್ಡು ಹಾಕಿದವರು ತಾನೇ ಮಿಸ್ ಹೇಳಬೇಕು? ನಮ್ಮಂಗಡೀಲಿ ಅಪ್ಪ ಹೇಳಿದ್ದೇ ನಡೆಯೋದು” ಅಂದಳು. “ಅಂಗಡಿಗೆ ಸರಿ ಕಣಮ್ಮ, ಊರಿಗೆ ಹೇಗೆ ಸರಿ? ನಮ್ಮ ಶಿಕ್ಷಕರ ಸಹಕಾರ ಸಂಘದಲ್ಲಿ ಪಾಲು ಎಷ್ಟೇ ಇರಲಿ, ಹೆಡ್‌ಮಾಸ್ಟರಿಗೂ ಒಂದೇ ಓಟು, ನನಗೂ ಒಂದೇ” ಎಂದೆ. ಅಷ್ಟರಲ್ಲಿ ಗಂಟೆ ಹೊಡೆದದ್ದು ಒಳ್ಳೆಯದೇ ಆಯಿತು.

ಏಕೆಂದರೆ ಆ ಪಾಲುದಾರರಲ್ಲಿ ಹೆಂಗಸರೂ ಇದ್ದರು. ಪಾರ್ಲಿಮೆಂಟಿಗೆ ಓಟು ಹಾಕಲು ಇಂಗ್ಲೆಂಡಿನ ಹೆಂಗಸರು 1918ರ ತನಕ ಕಾಯಬೇಕಾಯಿತು. ಕಂಪನಿಯಲ್ಲಿ ಮಾತ್ರ ಪಾಲಿದ್ದ ವಿಧವೆಗೆ ಆಗಲೇ ಓಟಿತ್ತು. ಇದನ್ನು ಓದಿದಾಗ ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಇಸವಿಗಳನ್ನು ಜೋಡಿಸಿ ನೋಡಿದೆ. 1770ರಲ್ಲಿ ಬಂಗಾಳದಲ್ಲಿ ಭೀಕರ ಬರ. ಜನರಲ್ಲಿ ಮೂರರಲ್ಲೊಂದು ಪಾಲು ಸತ್ತಿತೆಂದು ವಾರನ್ ಹೇಸ್ಟಿಂಗ್ಸನೇ ಅಂದಾಜು ಮಾಡಿದ. ಹಾಗಿದ್ದೂ 1771ರ ಕಂದಾಯದ ವಸೂಲಿ, ಬರಕ್ಕೆ ಮುಂಚಿನ 1768ರದ್ದನ್ನು ಮೀರಿತು. ಅದೇ ವರ್ಷ ಲಾಭಾಂಶ ನೂರಕ್ಕೆ ಹನ್ನೆರಡೂವರೆಗೆ ಏರಿತು.

ಆ ವಿಧವೆ ಕೆಟ್ಟವಳಾಗಿರಲಿಕ್ಕಿಲ್ಲ. ಮಗಳ ಮದುವೆಗೋ ಚಳಿಗಾಲದ ಸೌದೆಗೋ ಆ ದುಡ್ಡನ್ನೇ ನೆಚ್ಚಿದ್ದಳೇನೋ. ಬರದ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲೂ ಬಂದಿತ್ತು. ಓದಿ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡಿರಲೂಬಹುದು.

ನಮ್ಮವರು ಬಹಳ ಹಿಂದೆ ಯಾವುದೋ ಗಣಿ ಕಂಪನಿಯ ಒಂದಷ್ಟು ಷೇರುಗಳನ್ನು ನನ್ನ ಹೆಸರಿಗೆ ಕೊಂಡಿದ್ದರು. ವರ್ಷಕ್ಕೊಮ್ಮೆ ದಪ್ಪನೆಯ ವರದಿ, ಜೊತೆಗೆ ಓಟಿನ ಕಾಗದ ಅಂಚೆಯಲ್ಲಿ ಬರುತ್ತಿತ್ತು. ವರದಿಯ ನುಣುಪು ಹಾಳೆಗಳು ಅಡುಗೆಮನೆಯ ಗೂಡಿಗೆ ಹಾಸಲು ಬಲು ಚೆನ್ನಾಗಿದ್ದವು. ಓಟಿನ ಕಾಗದವನ್ನು ಒಂದು ವರ್ಷವೂ ತುಂಬಲಿಲ್ಲ. ಆ ಗಣಿ ಎಲ್ಲಿದೆ, ಅಲ್ಲಿ ಮೊದಲು ಯಾರ ಹೊಲವಿತ್ತು ಎಂದು ಕೇಳಿದವಳೂ ಅಲ್ಲ. ಪಾಸ್‌ಬುಕ್ಕಿನಲ್ಲಿ ಲಾಭಾಂಶ ಬಿದ್ದಿದೆಯೇ ಎಂದು ಮಾತ್ರ ಈಗಲೂ ತಪ್ಪದೆ ನೋಡುತ್ತೇನೆ.