ಕಾರ್ಣಿಕವೂ ರಾಜಧರ್ಮವೂ

ಭರತ ಹುಣ್ಣಿಮೆಯ ತರುವಾಯ ಹೊಳಲಿನವರೂ ಸುತ್ತಣ ಗ್ರಾಮದವರೂ ಮೈಲಾರದ ಡೆಂಕನಮರಡಿಯಲ್ಲಿ ನೆರೆದು, ಉಪವಾಸವಿದ್ದ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ವಾಕ್ಯದ ಕಾರ್ಣಿಕದಲ್ಲಿ ಮಳೆಬೆಳೆಗಳೊಡನೆ ರಾಜ್ಯದ ಭವಿತವ್ಯವನ್ನೂ ಅರಸುವಾಗ, ಕಾಲವು ಆಳುವವನನ್ನು ನಿರ್ಮಿಸುವುದೋ, ಆಳುವವನೇ ಕಾಲವನ್ನು ನಿರ್ಮಿಸುವನೋ ಎಂಬ ಪುರಾತನ ಪ್ರಶ್ನೆಯು ನನ್ನ ಮನಸ್ಸನ್ನು ಕಾಡುತ್ತದೆ. ಶಾಂತಿಪರ್ವದ ಭೀಷ್ಮನಾದರೋ ಸಂಶಯಕ್ಕೆಡೆಗೊಡದೆ, ರಾಜನೇ ಕಾಲಕ್ಕೆ ಕಾರಣನೆಂದು ಯುಧಿಷ್ಠಿರನಿಗೆ ಬೋಧಿಸಿದನು.

ಬರಗಾಲವು ದೈವಾಧೀನವೆಂದು ಒಪ್ಪೋಣ. ಆದರೆ ಆ ಬರದಲ್ಲಿ ಹೆಣ್ಣುಮಕ್ಕಳು ಕೊಡ ಹೊತ್ತು ಎಷ್ಟು ದೂರ ನಡೆಯಬೇಕೆಂಬುದನ್ನು ದೈವದ ಮೇಲೆ ಹೊರಿಸಲಾಗದು. ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿದ್ದ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಯಿಸಿ, ಕೈಪಂಪಿನ ಹಿಡಿಯನ್ನೊತ್ತಿದೊಡನೆ ಕೊಡಕ್ಕೆ ನೀರು ಬೀಳುವಂತೆ ಮಾಡಿದುದರಿಂದ ಜನರು ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಅದಕ್ಕೂ ಮಿಗಿಲಾದುದು, ಮಂತ್ರಿಯ ಕೈಯಲ್ಲಿದ್ದ ಅಧಿಕಾರವನ್ನು ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಬಿಟ್ಟುಕೊಡುವ 1983ರ ಶಾಸನಕ್ಕಾಗಿ ಅವರು ದುಡಿದುದು. ಯತಿಗಳಿಗೆ ವಿಧಿಸಿದ ಅಪರಿಗ್ರಹವ್ರತವನ್ನು ಅಧಿಕಾರದ ವಿಷಯದಲ್ಲಿ ಪಾಲಿಸಿದ ಮಂತ್ರಿಗಳು ಎಷ್ಟು ಮಂದಿ! ಆ ಶಾಸನದಂತೆ ನಡೆದ 1987ರ ಚುನಾವಣೆಯಲ್ಲಿ ಶೇಕಡಾ 25ರಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ಮರುವರ್ಷ ಸಾಬರು ತೀರಿಕೊಂಡರು. 1993ರಲ್ಲಿ ಆ ಶಾಸನದ ಸ್ಥಾನಕ್ಕೆ ಬೇರೊಂದು ಬಂದಿತಾದರೂ, ಸ್ತ್ರೀಯರ ಪಾಲು ಕುಂದದೆ ಮೂರನೆಯ ಒಂದಂಶಕ್ಕೆ ಏರಿತು.